ಮನೆಯ ಪಿಸಿಬಿ: ಗಳಿಸಿದ್ದು, ಬಾಕಿ ಉಳಿದದ್ದು

ಇವತ್ತು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಿ, ಅದರ ಗರ್ಬರ್ ಫೈಲುಗಳನ್ನು ಚೀನಾದ ಕಾರ್ಖಾನೆಗೆ ಕಳಿಸಿದರೆ ಸಾಕು. ಎರಡೂ ಬದಿ ತಾಮ್ರವಿರುವ, ರಂಧ್ರಗಳೊಳಗೂ ತಾಮ್ರ ಲೇಪಿಸಿದ, ಹಸಿರು ಹೊದಿಕೆಯ ಐದು ಪಿಸಿಬಿಗಳು (ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡುಗಳು) ಕೆಲವೇ ಡಾಲರಿಗೆ ತಯಾರಾಗುತ್ತವೆ. ಹೀಗಿರುವಾಗ ಫೆರಿಕ್ ಕ್ಲೋರೈಡಿನ ಕಂದು ದ್ರಾವಣ ಕಲಸಿಕೊಂಡು ಮನೆಯಲ್ಲೇ ಬೋರ್ಡು ಎಚ್ ಮಾಡುವ, ಅಂದರೆ ಬೇಡದ ತಾಮ್ರವನ್ನು ಕರಗಿಸಿ ತೆಗೆಯುವ ಹವ್ಯಾಸಕ್ಕೆ ಇನ್ನೂ ಅರ್ಥವಿದೆಯೇ? ನಡೆದು ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿಯೇ ಈ ಪ್ರಶ್ನೆಗೆ ಉತ್ತರ ಹೇಳಬೇಕು.

ತಂತಿಗಳ ಗೋಜಲಿನ ಬದಲು ತಾಮ್ರದ ಗೆರೆಗಳಿಂದಲೇ ರೇಡಿಯೊ ಜೋಡಿಸಬಹುದೆಂದು ಆಸ್ಟ್ರಿಯಾ ಮೂಲದ ಎಂಜಿನಿಯರ್ ಪಾಲ್ ಐಸ್ಲರ್ 1936ರಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟರು. ನಮ್ಮಲ್ಲಿ ಆ ವಿದ್ಯೆಯನ್ನು ಮನೆಗಳಿಗೆ ಮುಟ್ಟಿಸಿದ್ದರಲ್ಲಿ ಪತ್ರಿಕೆಗಳ ಪಾತ್ರ ದೊಡ್ಡದು. 1969ರಲ್ಲಿ ದೆಹಲಿಯಿಂದ ಹೊರಡತೊಡಗಿದ 'ಎಲೆಕ್ಟ್ರಾನಿಕ್ಸ್ ಫಾರ್ ಯು' ಸರ್ಕ್ಯೂಟಿನ ಜೊತೆಗೆ ನಿಜ ಅಳತೆಯ ಪಿಸಿಬಿ ನಕ್ಷೆಯನ್ನೂ ಅಚ್ಚು ಹಾಕುವ ರೂಢಿ ಬೆಳೆಸಿತು. ಓದುಗರು ಕಾರ್ಬನ್ ಹಾಳೆಯಿಟ್ಟು ಆ ನಕ್ಷೆಯನ್ನು ತಾಮ್ರದ ಮೇಲೆ ತಿದ್ದಿದರು. ಪೇಂಟು, ಉಗುರು ಬಣ್ಣ, ಮಾರ್ಕರ್ ಪೆನ್ನು, ಕೈಗೆ ಸಿಕ್ಕಿದ್ದರಲ್ಲಿ ಗೆರೆ ತುಂಬಿದರು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳು ಕಾಪರ್ ಕ್ಲ್ಯಾಡ್ ತುಂಡು, ಫೆರಿಕ್ ಕ್ಲೋರೈಡ್ ಪುಡಿ, ಒಂದು ಮಿಲಿಮೀಟರಿನ ಡ್ರಿಲ್ ಬಿಟ್ಟುಗಳನ್ನು ಮಾರಿದವು. ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎಷ್ಟೋ ಪ್ರಾಜೆಕ್ಟುಗಳು ಹೀಗೆ ಮನೆಯ ಬಚ್ಚಲಿನಲ್ಲೇ ಹುಟ್ಟಿದವು.

ದೊಡ್ಡ ತಿರುವು ಬಂದದ್ದು ಲೇಸರ್ ಪ್ರಿಂಟರಿನಿಂದ. ಅದರ ಟೋನರು ಬಿಸಿಗೆ ಕರಗುವ ಪ್ಲಾಸ್ಟಿಕ್ ಪುಡಿ. ನುಣುಪು ಹಾಳೆಯ ಮೇಲೆ ನಕ್ಷೆ ತೆಗೆದು, ತಾಮ್ರದ ಮೇಲೆ ಕವುಚಿಟ್ಟು ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಗೆರೆಗಳು ತಾಮ್ರಕ್ಕೇ ಅಂಟಿಕೊಳ್ಳುತ್ತವೆ. ಆಮೇಲೆ ನೀರಿನಲ್ಲಿ ನೆನೆಸಿ ಕಾಗದವನ್ನು ಉಜ್ಜಿ ತೆಗೆದರಾಯಿತು. ನಕ್ಷೆ ಬಿಡಿಸುವ ಕೆಲಸವನ್ನೂ ಕಂಪ್ಯೂಟರ್ ಹಗುರ ಮಾಡಿತು. ಫ್ರಾನ್ಸಿನ ಜೀನ್-ಪಿಯರ್ ಶಾರಾ 1992ರಲ್ಲಿ ಆರಂಭಿಸಿದ ಕಿಕ್ಯಾಡ್ ತಂತ್ರಾಂಶ ಇಂದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಸಾಧನವಾಗಿದೆ. ಅದೇ ತಂತ್ರಾಂಶ ಕಾರ್ಖಾನೆಯ ಬಾಗಿಲನ್ನೂ ತೆರೆಯಿತು. ಮನೆಯ ಎಚಿಂಗಿಗೆ ಪೈಪೋಟಿ ಶುರುವಾದದ್ದು ಅಲ್ಲಿಂದ.

ಆ ಪೈಪೋಟಿಯಲ್ಲಿ ಮನೆಯ ಬೋರ್ಡು ಸೋತಿದೆ. ಇದನ್ನು ಒಪ್ಪಿಕೊಳ್ಳಲು ಹಿಂಜರಿಯಬೇಕಿಲ್ಲ. ಹಳೆಯ ಐಸಿಗಳ ಕಾಲುಗಳ ನಡುವೆ 2.54 ಮಿಲಿಮೀಟರ್ ಅಂತರವಿತ್ತು. ಇಂದಿನ ಎಷ್ಟೋ ಚಿಪ್ಪುಗಳಲ್ಲಿ ಅದು ಅರ್ಧ ಮಿಲಿಮೀಟರಿಗೆ ಇಳಿದಿದೆ. ಎರಡೂ ಬದಿಯ ನಕ್ಷೆಗಳನ್ನು ಕೂದಲೆಳೆಯಷ್ಟೂ ತಪ್ಪದೆ ಹೊಂದಿಸುವುದು ಮನೆಯಲ್ಲಿ ಕಷ್ಟ. ರಂಧ್ರದೊಳಗೆ ತಾಮ್ರವಿಲ್ಲದ್ದರಿಂದ ತಂತಿ ತೂರಿಸಿ ಎರಡೂ ಕಡೆ ಬೆಸೆಯಬೇಕು.

ಹಾಗಾದರೆ ಗಳಿಸಿದ್ದೇನು? ಬೋರ್ಡು ಹೇಗೆ ಹುಟ್ಟುತ್ತದೆಂಬ ತಿಳಿವಳಿಕೆ. ದ್ರಾವಣದ ಫೆರಿಕ್ ಅಯಾನುಗಳು ತಾಮ್ರದಿಂದ ಎಲೆಕ್ಟ್ರಾನುಗಳನ್ನು ಕಸಿದುಕೊಂಡು ಅದನ್ನು ಕರಗಿಸುತ್ತವೆ. ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರಾನ್ ಮಾತ್ರ. ದ್ರಾವಣ ಬೆಚ್ಚಗಿದ್ದು ತಟ್ಟೆ ಅಲುಗುತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ದ್ರಾವಣ ನೇರ ಕೆಳಕ್ಕಷ್ಟೇ ಇಳಿಯದೆ ಟೋನರಿನ ಅಡಿಗೆ ಪಕ್ಕದಿಂದಲೂ ನುಗ್ಗುತ್ತದೆ. ಹೊತ್ತು ಮೀರಿದರೆ ಸಣ್ಣ ಗೆರೆ ಕಡಿದೇ ಹೋಗುತ್ತದೆ. ಇದನ್ನು ಕಣ್ಣಾರೆ ಕಂಡವರಿಗೆ ಗೆರೆಯ ಅಗಲಕ್ಕೂ ಅಂತರಕ್ಕೂ ಕಾರ್ಖಾನೆಗಳು ಯಾಕೆ ಮಿತಿ ಹಾಕುತ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ. ಖಾಲಿ ಜಾಗದ ತಾಮ್ರವನ್ನು ಗ್ರೌಂಡಿಗೆ ಸೇರಿಸಿ ಹಾಗೇ ಬಿಟ್ಟರೆ ದ್ರಾವಣವೂ ಉಳಿಯುತ್ತದೆ, ಸರ್ಕ್ಯೂಟಿನ ನಾಯ್ಸೂ ತಗ್ಗುತ್ತದೆ ಎಂಬ ಪಾಠವೂ ಇಲ್ಲೇ ಸಿಗುತ್ತದೆ. ಒಂದೇ ಬದಿಯಲ್ಲಿ ಗೆರೆಗಳು ಒಂದನ್ನೊಂದು ದಾಟದಂತೆ ಎಳೆಯುವ ಪ್ರಯತ್ನ ವಿನ್ಯಾಸದ ಬುದ್ಧಿಯನ್ನು ಹರಿತಗೊಳಿಸುತ್ತದೆ. ಬೆಳಿಗ್ಗೆ ಹೊಳೆದ ಸರ್ಕ್ಯೂಟನ್ನು ಸಂಜೆಯೊಳಗೆ ಪರೀಕ್ಷಿಸುವ ಅನುಕೂಲವಂತೂ ಇದ್ದೇ ಇದೆ.

ಬಾಕಿ ಉಳಿದದ್ದು ಗಂಭೀರವಾದದ್ದು. ಇಷ್ಟು ವರ್ಷ ಗೆರೆ ಮೂಡಿಸುವ ಬಗೆಯನ್ನು ಹುರುಪಿನಿಂದ ಹೇಳಿಕೊಟ್ಟ ನಮ್ಮ ಹವ್ಯಾಸಿ ಲೋಕ, ಬಳಸಿದ ದ್ರಾವಣವನ್ನು ಏನು ಮಾಡಬೇಕೆಂದು ಹೇಳಿಕೊಟ್ಟದ್ದು ಕಡಿಮೆ. ಅದರಲ್ಲಿ ಕರಗಿರುವ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ಮೀನಿಗೆ, ಪಾಚಿಗೆ ವಿಷ. ಬೆಂಗಳೂರಿನ ಚರಂಡಿಗೆ ಚೆಲ್ಲಿದ್ದು ವೃಷಭಾವತಿಯನ್ನೋ ಬೆಳ್ಳಂದೂರು ಕೆರೆಯನ್ನೋ ಸೇರುತ್ತದೆ. ದ್ರಾವಣ ಸೋತ ಮೇಲೆ ವಾಷಿಂಗ್ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು; ನೊರೆ ಉಕ್ಕುವುದರಿಂದ ಅವಸರ ಸಲ್ಲದು. ತಳದಲ್ಲಿ ಕೂತ ಗಸಿಯನ್ನು ಒಣಗಿಸಿ, ಡಬ್ಬಿಯಲ್ಲಿ ಮುಚ್ಚಿಟ್ಟು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಒಪ್ಪಿಸಬೇಕು. ಸುರಕ್ಷತೆಯ ಮಾತೂ ಅಷ್ಟೇ ಮುಖ್ಯ: ಪುಡಿಗೆ ನೀರು ಸುರಿಯದೆ ನೀರಿಗೇ ಪುಡಿ ಬೆರೆಸಬೇಕು, ಕೈಗವಸು, ಕನ್ನಡಕ ಇರಬೇಕು, ಸ್ಟೀಲ್ ಪಾತ್ರೆ ಬಳಸಬಾರದು, ಫೈಬರ್ ಬೋರ್ಡು ಕೊರೆಯುವಾಗ ಮೂಗಿಗೆ ಮಾಸ್ಕ್ ಬೇಕು.

ನಮ್ಮ ತೀರ್ಮಾನ ಇಷ್ಟು: ಬಾಳಿಕೆ ಬರಬೇಕಾದ ಬೋರ್ಡನ್ನು ಕಾರ್ಖಾನೆಯಲ್ಲೇ ಮಾಡಿಸಿ, ಮೊದಲ ಬೋರ್ಡನ್ನು ಮಾತ್ರ ನಿಮ್ಮ ಕೈಯಲ್ಲೇ ಮಾಡಿ. ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳು ಪ್ರತಿ ವಿದ್ಯಾರ್ಥಿಗೂ ಒಂದು ಬದಿಯ ಒಂದು ಸಣ್ಣ ಬೋರ್ಡನ್ನಾದರೂ ಎಚ್ ಮಾಡಿಸಲಿ. ಪ್ರಯೋಗಾಲಯದ ಮೂಲೆಯಲ್ಲಿ ಬಳಸಿದ ದ್ರಾವಣಕ್ಕೆಂದೇ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಕ್ಯಾನು ಇಡಿಸಲಿ. ಆ ಕ್ಯಾನು ಇಲ್ಲದ ಕಡೆ ಎಚಿಂಗ್ ಶುರು ಮಾಡುವುದೇ ಬೇಡ.