ಬಂಡೆಯ ಬಣ್ಣದ ಚಿಟ್ಟೆ, ದೊಣೆಯ ನೀರು

ಮುಳಬಾಗಿಲು ಸೀಮೆಯ ಮಕ್ಕಳಿಗೆ ಏರೋಪ್ಲೇನ್ ಚಿಟ್ಟೆಯ ಪರಿಚಯವಾಗುವುದು ಅದರ ಬಾಲಕ್ಕೆ ದಾರ ಕಟ್ಟುವ ಆಟದಿಂದ. ಆಟ ಕ್ರೂರವಾದುದೇ ಸರಿ. ಆದರೆ ನೆರಳು ಬೀಳದಂತೆ ಬಾಗಿ, ಉಸಿರು ಬಿಗಿಹಿಡಿದು, ಅಂಗುಲ ಅಂಗುಲವಾಗಿ ಹತ್ತಿರ ಸರಿಯುವ ಆ ವಿದ್ಯೆಯೇ ಕ್ಯಾಮೆರಾ ಹಿಡಿದವರಿಗೂ ಬೇಕಾದುದು. ಸಾವಿರಾರು ಮಸೂರಗಳು ಕೂಡಿ ಆದ ಆ ಕಣ್ಣಿಗೆ ಅಲುಗಾಟವೆಲ್ಲ ಕಾಣುತ್ತದೆ, ನಿಶ್ಚಲತೆಯೊಂದೇ ಕಾಣದು.

ಆವಣಿ, ಕುರುಡುಮಲೆಯಂಥ ಕಡೆಗಳ ಕಗ್ಗಲ್ಲು ಬಂಡೆಗಳಿಗೆ ಹೇಳಿ ಮಾಡಿಸಿದಂಥ ಒಂದು ಜಾತಿ ಇದೆ. ಇಂಗ್ಲಿಷಿನವರು ಅದನ್ನು ಗ್ರಾನೈಟ್ ಘೋಸ್ಟ್ ಎಂದರು. ಶಾಸ್ತ್ರೀಯ ನಾಮ ಬ್ರಾಡಿನೋಪೈಗ ಜೆಮಿನೇಟ. ಬೂದು, ಕಪ್ಪು, ಬಿಳಿ ಬೆರೆತ ಮೈ, ಪಾರದರ್ಶಕ ರೆಕ್ಕೆ. ಬಂಡೆಗೆ ಅಂಟಿ ಕುಳಿತರೆ ಅದು ಬಂಡೆಯೇ. ಪರ್ಯಾಯ ದ್ವೀಪದಲ್ಲಿ ಅದು ವಿರಳವಲ್ಲ, ಊರ ಕಾಂಪೌಂಡು ಗೋಡೆಗಳ ಮೇಲೂ ಕೂರುತ್ತದೆ. ಆದರೂ ಕಂಡವರು ವಿರಳ.

ಹಾಗಾದರೆ ಅದರ ಚಿತ್ರಕ್ಕೆ ಬೆಲೆ ಏನು? ಉತ್ತರ ಕೊಂಕಣದಿಂದ ಬಂದಿದೆ. ಮಹಾರಾಷ್ಟ್ರದ ಕರಾವಳಿಯಲ್ಲಿ ಇದರದೇ ಹತ್ತಿರದ ನೆಂಟನೊಂದು ಹೊಸ ಜಾತಿಯೆಂದು 2020ರಲ್ಲಿ ವರ್ಣಿತವಾಯಿತು, ಬ್ರಾಡಿನೋಪೈಗ ಕೊಂಕಣೆನ್ಸಿಸ್ ಎಂಬ ಹೆಸರಿನಲ್ಲಿ. ಇವೆರಡರ ನಡುವಣ ಅಂತರ ದೂರದಿಂದ ಕಾಣುವಂಥದಲ್ಲ. ಬ್ರಿಟಿಷರ ಕಾಲದಲ್ಲಿ ಫ್ರೇಸರ್ 1933ರಿಂದ 1936ರವರೆಗೆ ಮೂರು ಸಂಪುಟಗಳಲ್ಲಿ ಈ ಕೀಟಗಳನ್ನು ವರ್ಣಿಸಿದಾಗ ಆಧಾರವಾದುದು ಸೂಜಿಗೆ ಚುಚ್ಚಿದ ಶವಗಳು. ಈಗ ಹೆಚ್ಚಿನ ಕೆಲಸವನ್ನು ಜೀವಂತ ಚಿತ್ರವೇ ಮಾಡಬಲ್ಲುದು, ಸರಿಯಾಗಿ ತೆಗೆದರೆ. ಬೆನ್ನ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಬಾಲದ ತುದಿಯ ಕೊಂಡಿಗಳು ಸ್ಪಷ್ಟವಾಗುವಂತೆ ಇನ್ನೊಂದು. ಜೊತೆಗೆ ಊರು, ತಾರೀಖು. ಕಣ್ಣಿನ ಹೊಳಪೊಂದನ್ನೇ ತುಂಬಿಕೊಂಡ ಸುಂದರ ಚಿತ್ರದಿಂದ ಜಾತಿ ಗುರುತಿಸುವುದು ಎಷ್ಟೋ ಸಲ ಅಸಾಧ್ಯ. ಅಷ್ಟಾದರೂ ಕೆಲವು ಜಾತಿಗಳು ಕೈಯಲ್ಲಿ ಹಿಡಿದು ನೋಡದೆ ತೀರ್ಮಾನವಾಗುವುದಿಲ್ಲ ಎಂಬುದನ್ನೂ ಒಪ್ಪಬೇಕು.

ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ, ಸಿರಿಂಜಿನಿಂದ ಇಬ್ಬನಿ ಸಿಂಪಡಿಸಿ ತೆಗೆಯುವ ಚಿತ್ರಗಳೂ ಬಹುಮಾನದ ಆಸೆಗೆ ಹುಟ್ಟುತ್ತವೆ. ದಾರ ಕಟ್ಟಿದ ಹುಡುಗ ಅವರಿಗಿಂತ ಮೇಲು. ಅವನು ಕೊನೆಗೆ ಹಾರಬಿಡುತ್ತಾನೆ. ನಸುಕಿನಲ್ಲಿ ಹೋದರೆ ಫ್ರಿಜ್ಜಿನ ಅಗತ್ಯವೇ ಇಲ್ಲ. ಬಿಸಿಲೇರಿ ಮೈ ಕಾಯುವವರೆಗೆ ಚಿಟ್ಟೆ ತಾನಾಗಿಯೇ ನಿಶ್ಚಲವಾಗಿರುತ್ತದೆ, ಇಬ್ಬನಿಯೂ ಪುಕ್ಕಟೆ.

ಚಿಟ್ಟೆ ಕಾಣುವುದು ಬಂಡೆಯ ಮೇಲಾದರೂ ಅದರ ಬಾಲ್ಯ ಕಳೆಯುವುದು ನೀರಿನಲ್ಲಿ. ಸೊಳ್ಳೆಮರಿಗಳನ್ನು ತಿಂದು ಬೆಳೆಯುವ ಅದರ ಮರಿಗೆ ಬಂಡೆಯ ತಗ್ಗಿನಲ್ಲಿ ನಿಂತ ದೊಣೆಯ ಮಳೆನೀರೇ ಸಾಕು. ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಹರಿದು ಬಂದಿತು. ಅದರ ಗುಣದ ಬಗ್ಗೆ ವಾದಗಳೂ ಬೇಕಾದಷ್ಟು ನಡೆದವು. ಗುಡ್ಡದ ನೆತ್ತಿಯ ದೊಣೆಗೆ ಯಾವ ಪೈಪೂ ಇಲ್ಲ, ಯಾವ ವಾದವೂ ಇಲ್ಲ. ಯಾವ ದೊಣೆಯಲ್ಲಿ ಎಷ್ಟು ತಿಂಗಳು ನೀರು ನಿಲ್ಲುತ್ತದೆ ಎಂಬುದು ದನ, ಕುರಿ ಮೇಯಿಸುವವರ ಬಾಯಿಯಲ್ಲಿದೆ, ಕಾಗದದ ಮೇಲಿಲ್ಲ. ಕೆರೆ ಒತ್ತುವರಿಯಾದರೆ ಸರ್ವೆ ನಂಬರು ಹಿಡಿದು ಕೇಳಬಹುದು. ಬಂಡೆಯೇ ಕಲ್ಲುಗಣಿಯ ಪಾಲಾದಾಗ ಅದರ ಮಡಿಲಲ್ಲಿ ನೀರಿತ್ತೆಂದು ಹೇಳಲು ಪುರಾವೆ ಏನು?

ಈ ಮಳೆಗಾಲದಲ್ಲಿ ಬೆಟ್ಟ ಹತ್ತುವ ವಿದ್ಯಾರ್ಥಿಗಳು ಚಿಟ್ಟೆಯ ಮೂರು ಚಿತ್ರಗಳ ಜೊತೆಗೆ, ಎರಡು ಹೆಜ್ಜೆ ಹಿಂದೆ ಸರಿದು ದೊಣೆಯದೂ ಒಂದನ್ನು ತೆಗೆದುಕೊಳ್ಳಲಿ, ತಾರೀಖು ಬರೆದಿಡಲಿ.