ವಾಣಿಜ್ಯ ಪದವಿಯೂ ಉದ್ಯಮಶೀಲತೆಯೂ

ನಮ್ಮ ನಾಡಿನ ಕಾಲೇಜುಗಳಿಂದ ವರ್ಷವರ್ಷವೂ ಬಿ.ಕಾಂ., ಬಿ.ಬಿ.ಎ. ಪದವಿ ಪಡೆದು ಹೊರಬರುವ ತರುಣ ತರುಣಿಯರ ಸಂಖ್ಯೆ ಅಲ್ಪವಲ್ಲ. ಅವರು ಓದಿದ ವಿಷಯಗಳಲ್ಲಿ ಉದ್ಯಮಶೀಲತೆಯೂ ಒಂದು. ಉದ್ಯಮಿಯ ಲಕ್ಷಣಗಳಾವುವು, ಉದ್ಯಮಿಗಳಲ್ಲಿ ಎಷ್ಟು ಬಗೆ, ಸಾಹಸವೆಂದರೇನು ಎಂಬ ಪ್ರಶ್ನೆಗಳಿಗೆ ಪುಟಗಟ್ಟಲೆ ಉತ್ತರ ಬರೆದು ಅವರು ತೇರ್ಗಡೆಯಾಗಿರುತ್ತಾರೆ. ಆದರೆ ಹತ್ತು ಸಾವಿರ ರೂಪಾಯಿಗಳನ್ನು ಕೈಗಿತ್ತು, ಇದನ್ನು ಆರು ತಿಂಗಳು ವ್ಯಾಪಾರದಲ್ಲಿ ತೊಡಗಿಸಿ ಲೆಕ್ಕಸಹಿತ ಮರಳಿ ತನ್ನಿ ಎಂದರೆ, ಎಷ್ಟು ಮಂದಿ ಧೈರ್ಯದಿಂದ ಕೈಚಾಚಿಯಾರು? ಪುಸ್ತಕದ ಬದನೆಕಾಯಿ ಸಾರಿಗೆ ಬಾರದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ದೋಷ ತರುಣರದಲ್ಲ, ವಿದ್ಯೆಯನ್ನು ವ್ಯಾಖ್ಯೆಯೆಂದು ಭ್ರಮಿಸಿದ ನಮ್ಮ ಬೋಧನಕ್ರಮದ್ದು.

ಈ ಕ್ರಮವನ್ನು ತಿದ್ದುವೆವೆಂದು ಹೊರಟವರೆಲ್ಲರೂ ಹೊರಗಣ ಹೊದಿಕೆಯನ್ನಷ್ಟೇ ಬದಲಿಸಿದ್ದಾರೆ. 2021ರಲ್ಲಿ ನಮ್ಮ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷಗಳ ಪದವಿ ಬಂದಿತು. 2024ರಲ್ಲಿ ಅದನ್ನು ಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿದ್ದಾಯಿತು. ಅದೇ ವರ್ಷ ಬಿ.ಬಿ.ಎ. ಶಿಕ್ಷಣವು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅಧೀನಕ್ಕೆ ಸೇರಿತು. ವರ್ಷಗಳೆಷ್ಟು, ಅಧಿಕಾರ ಯಾರದು ಎಂಬ ಚರ್ಚೆ ಬೇಕಾದಷ್ಟು ನಡೆಯಿತು. ವಿದ್ಯಾರ್ಥಿಯು ಒಂದು ವಸ್ತುವನ್ನಾದರೂ ಕೊಂಡು ಮಾರಿದನೇ, ಒಬ್ಬ ಗಿರಾಕಿಯ ಮುಂದಾದರೂ ನಿಂತನೇ ಎಂಬ ಪ್ರಶ್ನೆ ಮಾತ್ರ ಯಾರ ನಾಲಗೆಯ ಮೇಲೂ ಸುಳಿಯಲಿಲ್ಲ.

ಉದ್ಯಮಶೀಲತೆ ಎಂಬುದು ಎಂಥ ವಿದ್ಯೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನಮಗೆಲ್ಲ ತಿಳಿದದ್ದೇ. ಅಲ್ಲಿ ಅನುಭವಿಯಾದ ವ್ಯಾಪಾರಿಯು ಕಾಯಿಯನ್ನು ಅಂಗೈಯಲ್ಲಿ ಹಿಡಿದು ಅದರ ಬಣ್ಣವನ್ನೂ ತೇವವನ್ನೂ ಅಳೆಯುತ್ತಾನೆ. ನಮ್ಮ ವಿದ್ಯಾರ್ಥಿಯೊಬ್ಬನು ಕಿಲೋಗೆ 200 ರೂಪಾಯಿಯಂತೆ 10 ಕಿಲೋ ಕಾಯಿ ಕೊಂಡನೆಂದು ಭಾವಿಸೋಣ. ಬೀಸಿದ್ದಕ್ಕೆ 300 ರೂಪಾಯಿ, ಪೊಟ್ಟಣಗಳಿಗೆ 200 ರೂಪಾಯಿ. ಒಟ್ಟು ವೆಚ್ಚ 2,500 ರೂಪಾಯಿ. ಹತ್ತರಿಂದ ಭಾಗಿಸಿ, ಕಿಲೋಗೆ 250 ರೂಪಾಯಿ ಬಿದ್ದಿತೆಂದು ತಿಳಿದು, 280ಕ್ಕೆ ಮಾರಿ, 30 ರೂಪಾಯಿ ಲಾಭವೆಂದು ಹಿಗ್ಗುತ್ತಾನೆ. ಆದರೆ ತೊಟ್ಟು ಬಿಡಿಸಿ, ಬಿಸಿಲಿಗೆ ಒಣಗಿಸಿ, ಗಿರಣಿಯಿಂದ ತಂದು ತೂಗಿದಾಗ ಕೈಗೆ ಸಿಕ್ಕ ಪುಡಿ ಎಂಟೂವರೆ ಕಿಲೋ ಮಾತ್ರ. ಆಗ ಕಿಲೋಗೆ ಬಿದ್ದ ಬೆಲೆ ಸುಮಾರು 294 ರೂಪಾಯಿ. ಲಾಭವೆಂದುಕೊಂಡದ್ದು 14 ರೂಪಾಯಿಯ ನಷ್ಟ! ತನ್ನ ದುಡಿಮೆಯ ಕೂಲಿಯನ್ನು ಅವನಿನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ. ಇದರ ಮೇಲೆ, ಅಂಗಡಿಯವನು ಉದ್ರಿ ಕೊಂಡು ಹಣವನ್ನು ಮುಂದಿನ ತಿಂಗಳು ಕೊಡುವೆನೆನ್ನುತ್ತಾನೆ. ಪೊಟ್ಟಣ ಕಟ್ಟಿ ಮಾರುವುದಕ್ಕೆ ಆಹಾರ ಸುರಕ್ಷತಾ ನೋಂದಣಿ ಬೇಕೆಂಬುದೂ ಆಗಲೇ ತಿಳಿಯುತ್ತದೆ.

ವೆಚ್ಚಶಾಸ್ತ್ರದ ಗ್ರಂಥದಲ್ಲಿ 'ಸಾಮಾನ್ಯ ನಷ್ಟ' ಎಂಬ ಅಧ್ಯಾಯವಿದೆ. ವಿದ್ಯಾರ್ಥಿ ಅದನ್ನು ಓದಿದ್ದಾನೆ, ಲೆಕ್ಕ ಬಿಡಿಸಿ ಅಂಕವನ್ನೂ ಗಳಿಸಿದ್ದಾನೆ. ಆದರೂ ತಕ್ಕಡಿಯ ಮುಂದೆ ಅದು ಅವನ ನೆರವಿಗೆ ಬರಲಿಲ್ಲ. ಒಮ್ಮೆ ಸ್ವಂತ ಹಣದ ಮೇಲೆ ಆ ಪೆಟ್ಟು ಬಿದ್ದರೆ, ಆಯುಷ್ಯವಿಡೀ ಮರೆಯಲಾರನು. ಪೆಟ್ಟು ತಿಂದ ಮೇಲೆ ಅದೇ ಅಧ್ಯಾಯವನ್ನು ಮತ್ತೆ ತೆರೆದರೆ, ಅಕ್ಷರ ಅಕ್ಷರವೂ ಮಾತನಾಡುತ್ತದೆ. ಗ್ರಂಥವು ನಿರರ್ಥಕವೆಂದು ನಾವು ವಾದಿಸುತ್ತಿಲ್ಲ. ಅನುಭವದ ನೆಲವಿಲ್ಲದೆ ಗ್ರಂಥದ ಬೀಜ ಮೊಳೆಯದೆಂಬುದಷ್ಟೇ ನಮ್ಮ ವಾದ.

ಇದಕ್ಕೆ ಆಧಾರಗಳಿಲ್ಲದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಡೇವಿಡ್ ಮ್ಯಾಕ್‌ಕ್ಲೆಲೆಂಡ್ ಅವರು 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಸಾಧನೆಯ ಹಂಬಲವನ್ನು ಬೆಳೆಸುವ ತರಬೇತಿಯನ್ನು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯ ಮೂಲಕ ಏರ್ಪಡಿಸಿದರು. ತರಬೇತಿ ಪಡೆದವರು, ಪಡೆಯದವರಿಗಿಂತ ಹೆಚ್ಚು ಚಟುವಟಿಕೆಯಿಂದ ವ್ಯಾಪಾರವನ್ನು ವಿಸ್ತರಿಸಿದ್ದು ಕಂಡುಬಂದಿತು. ಹಾಗಾದರೆ ಉಪನ್ಯಾಸದಿಂದಲೇ ಉದ್ಯಮಿ ಹುಟ್ಟುವನೆಂದು ಹಿಗ್ಗುವವರು ಒಂದು ಮಾತನ್ನು ಮರೆಯುತ್ತಾರೆ. ಅಲ್ಲಿ ಕಲಿತವರು ಮರಳಿ ಹೋಗಿ ಕುಳಿತದ್ದು ತಮ್ಮ ತಮ್ಮ ಗಲ್ಲಾಪೆಟ್ಟಿಗೆಯ ಮುಂದೆ. ನಮ್ಮ ವಿದ್ಯಾರ್ಥಿ ಮರಳಿ ಹೋಗುವುದು ಮುಂದಿನ ಪರೀಕ್ಷೆಯ ಸಿದ್ಧತೆಗೆ!

ನಮ್ಮ ನಾಡಿನಲ್ಲೇ ಇನ್ನೊಂದು ನಿದರ್ಶನವಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆ ಸ್ಥಾಪನೆಯಾಯಿತು. ನಿರುದ್ಯೋಗಿ ಯುವಕರನ್ನು ಅಲ್ಲಿಯೇ ಇರಿಸಿಕೊಂಡು ಅಲ್ಪಾವಧಿಯ ತರಬೇತಿ ಕೊಡುವುದು, ಆ ಬಳಿಕವೂ ಕೈಬಿಡದೆ ಅವರ ಬೆನ್ನಿಗೆ ನಿಲ್ಲುವುದು ಅದರ ಕ್ರಮ. ಕೇಂದ್ರ ಸರ್ಕಾರವೂ ಈ ಮಾದರಿಯನ್ನು ಒಪ್ಪಿ ದೇಶದ ಜಿಲ್ಲೆ ಜಿಲ್ಲೆಗಳಿಗೆ ವಿಸ್ತರಿಸಿತು. ಕೆಲವೇ ವಾರಗಳ ತರಬೇತಿಯು ಸಾಮಾನ್ಯ ಓದಿನವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸಬಲ್ಲದಾದರೆ, ಮೂರು ವರ್ಷ ವಾಣಿಜ್ಯವನ್ನೇ ಓದಿದವನು ನೌಕರಿಯ ಅರ್ಜಿ ಹಿಡಿದು ಬಾಗಿಲು ಬಾಗಿಲು ಅಲೆಯುವುದು ಯಾರಿಗೆ ಅವಮಾನ?

ಇಲ್ಲಿ ಮೂರು ಆಕ್ಷೇಪಗಳು ಕೇಳಿಬರುತ್ತವೆ. ಬಡ ಮಕ್ಕಳ ಹಣ ನಷ್ಟವಾದರೆ ಹೊಣೆ ಯಾರದೆಂಬುದು ಮೊದಲನೆಯದು. ಅಮೆರಿಕದ ಬಾಬ್ಸನ್ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳ ತಂಡಗಳಿಗೆ ಕಾಲೇಜೇ ಸಣ್ಣ ಸಾಲ ಕೊಟ್ಟು ನಿಜವಾದ ವ್ಯಾಪಾರ ಮಾಡಿಸುವ ಪದ್ಧತಿ ಬಹುಕಾಲ ನಡೆದುಬಂದಿದೆ. ಸಾಲ ತೀರಿಸಿ ಉಳಿದ ಲಾಭವು ಧರ್ಮಕಾರ್ಯಕ್ಕೆ ಸಲ್ಲುತ್ತದೆ. ವಾರ್ಷಿಕೋತ್ಸವದ ಚಪ್ಪರಕ್ಕೆ ಹಣ ಹೊಂದಿಸಬಲ್ಲ ನಮ್ಮ ಕಾಲೇಜುಗಳಿಗೆ ತಂಡಕ್ಕೆ ಹತ್ತು ಸಾವಿರದ ನಿಧಿ ಅಸಾಧ್ಯವೇ? ಎಲ್ಲರೂ ಉದ್ಯಮಿಗಳಾಗಬೇಕೇ ಎಂಬುದು ಎರಡನೆಯದು. ಬೇಡ, ಆದರೆ ನಾಳೆ ಬ್ಯಾಂಕಿನಲ್ಲಿ ಕುಳಿತು ಪರರ ಸಾಲದ ಅರ್ಜಿಯನ್ನು ಪರಿಶೀಲಿಸುವವನಿಗೂ ಉದ್ರಿಯ ಸಂಕಟ ತಿಳಿದಿರಬೇಡವೇ? ನಮ್ಮಲ್ಲಿ ವ್ಯವಹಾರ ಯೋಜನೆಗಳ ಸ್ಪರ್ಧೆಗಳು ನಡೆಯುತ್ತಿಲ್ಲವೇ, ಅಂಗಡಿ ಕಾರ್ಖಾನೆಗಳ ತರಬೇತಿಯ ವರದಿಗಳನ್ನು ಬರೆಸುತ್ತಿಲ್ಲವೇ ಎಂಬುದು ಮೂರನೆಯದು. ಬಣ್ಣದ ಚಿತ್ರಪಟಗಳಿಂದ ತೀರ್ಪುಗಾರರನ್ನು ಮೆಚ್ಚಿಸುವುದೇ ಬೇರೆ, ಚೌಕಾಸಿಗಿಳಿದ ಗಿರಾಕಿಯನ್ನು ಒಪ್ಪಿಸುವುದೇ ಬೇರೆ. ಹಿಂದಿನ ವರ್ಷದ ವರದಿಯನ್ನು ಹೆಸರು ಬದಲಿಸಿ ಒಪ್ಪಿಸುವ ತರಬೇತಿಯಿಂದ ವಿದ್ಯಾರ್ಥಿ ಕಲಿಯುವುದು ಉದ್ಯಮವನ್ನಲ್ಲ, ವಂಚನೆಯನ್ನು.

ಕಲಿಕೆಗೆ ಅವಕಾಶಗಳು ಮನೆಬಾಗಿಲಲ್ಲೇ ಇವೆ. 2025ರ ಜುಲೈ ತಿಂಗಳಲ್ಲಿ ಯುಪಿಐ ಮೂಲಕ ಜಮೆಯಾದ ಹಣವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ನಮ್ಮ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ, ಅವರು ದಿಕ್ಕೆಟ್ಟು ಕುಳಿತದ್ದನ್ನು ನಾಡೇ ಕಂಡಿತು. ಸರಕಿನ ವ್ಯಾಪಾರಕ್ಕೆ ವಾರ್ಷಿಕ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ನೋಂದಣಿಯ ಮಿತಿ ಎಷ್ಟೋ ಮಂದಿಗೆ ತಿಳಿದಿರಲಿಲ್ಲ. ಜಮೆಯಾದದ್ದರಲ್ಲಿ ಹಾಲು ತರಕಾರಿಗಳಂಥ ತೆರಿಗೆಯಿಲ್ಲದ ಸರಕಿನದೆಷ್ಟು, ಕೈಸಾಲದ್ದೆಷ್ಟು ಎಂದು ತೋರಿಸಲು ಕಿರ್ದಿ ಖತಾವಣಿಯೂ ಇರಲಿಲ್ಲ. ಅದೇ ಬೀದಿಯ ಕಾಲೇಜಿನಲ್ಲಿ ನೂರಾರು ವಿದ್ಯಾರ್ಥಿಗಳು ಆ ಕಾಯಿದೆಯ ಕಲಮುಗಳನ್ನು ಬಾಯಿಪಾಠ ಮಾಡುತ್ತಿದ್ದರು! ಒಬ್ಬೊಬ್ಬ ವಿದ್ಯಾರ್ಥಿಯು ಒಂದೊಂದು ಅಂಗಡಿಯ ಲೆಕ್ಕವನ್ನು ಒಂದು ವರ್ಷ ಬರೆದಿದ್ದರೆ, ವ್ಯಾಪಾರಿಗೆ ರಕ್ಷಣೆಯೂ ವಿದ್ಯಾರ್ಥಿಗೆ ಜೀವಂತ ವಿದ್ಯೆಯೂ ಲಭಿಸುತ್ತಿದ್ದವು.

ಆದಕಾರಣ ಕಾಲೇಜುಗಳ ಆಡಳಿತ ಮಂಡಳಿಗಳು ಉದ್ಯಮಶೀಲತೆಯ ಅಂಕಗಳಲ್ಲಿ ಅರ್ಧವನ್ನಾದರೂ ನೈಜ ವ್ಯವಹಾರಕ್ಕೂ ಅದರ ಪ್ರಾಮಾಣಿಕ ಲೆಕ್ಕಕ್ಕೂ ಮೀಸಲಿಡುವಂತೆ ವಿಶ್ವವಿದ್ಯಾಲಯಗಳನ್ನು ಒತ್ತಾಯಿಸಬೇಕು. ಲಾಭ ಗಳಿಸಿದವನಿಗಷ್ಟೇ ಅಲ್ಲ, ನಷ್ಟವನ್ನು ಮುಚ್ಚಿಡದೆ ಅದರ ಕಾರಣವನ್ನು ವಿವರಿಸಬಲ್ಲವನಿಗೂ ಪೂರ್ಣ ಅಂಕ ದೊರೆಯಬೇಕು. ಪ್ರಸಾದ ನಿಲಯಗಳಲ್ಲಿದ್ದು ಓದಿ, ಇಂದು ಅಂಗಡಿ, ಗಿರಣಿ, ಮುದ್ರಣಾಲಯಗಳ ಒಡೆಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಕಾಲೇಜಿಗೆ ಬಂದು ಭಾಷಣ ಮಾಡುವ ಬದಲು, ಇಬ್ಬರು ವಿದ್ಯಾರ್ಥಿಗಳನ್ನು ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಬಾಕಿ ವಸೂಲಿಗೆ ಕಳಿಸಿರಿ, ಕೊಳ್ಳುವಾಗ ಜೊತೆಗೊಯ್ಯಿರಿ, ನಿಮಗಾದ ನಷ್ಟದ ಲೆಕ್ಕವನ್ನೂ ತೋರಿಸಿರಿ. ನೀವು ಕೊಡುವ ದೇಣಿಗೆಯಿಂದ ಕಟ್ಟಡವೊಂದು ಎದ್ದೀತು. ನೀವು ಕೊಡುವ ಈ ಸಮಯದಿಂದ ಕಾಯಕದಲ್ಲಿ ನಿಲ್ಲಬಲ್ಲ ಇಬ್ಬರು ಮನುಷ್ಯರು ಎದ್ದಾರು.