ಹಾವು ಹುಡುಕಲು ಹೋದವರು ತರಗತಿಗೆ ಏನು ತರಬೇಕು?

ಮಳೆಗಾಲ ಶುರುವಾದರೆ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರು ರಜೆಯ ದಿನ ಗೆಳೆಯರನ್ನು ಕೂಡಿಕೊಂಡು ಆಗುಂಬೆಯ ಕಡೆ ಹೊರಡುತ್ತಾರೆ. ಹಾವು, ಓತಿಕೇತಗಳನ್ನು ಹುಡುಕುವುದೇ ಅವರ ಪ್ರವಾಸ. ಅಪಾಯದ ಈ ತಿರುಗಾಟಕ್ಕೆ ಕಾಲೇಜು ಪ್ರೋತ್ಸಾಹ ಕೊಡಬಾರದು ಎನ್ನುವ ಅಧ್ಯಾಪಕರಿದ್ದಾರೆ. ಅವರ ಆತಂಕ ಸರಿಯಾದದ್ದೇ. ಆದರೂ ಅರಣ್ಯ ಇಲಾಖೆಯ ಅನುಮತಿ ಪಡೆದು, ಬಲ್ಲವರ ಜೊತೆ ಹೋಗುವ ಪ್ರವಾಸವನ್ನು ಅಭ್ಯಾಸ ಬೋಧನೆಯ ಸಿದ್ಧತೆ ಎಂದೇ ಪರಿಗಣಿಸಬೇಕು ಎಂಬುದು ನನ್ನ ಅಭಿಪ್ರಾಯ. ಷರತ್ತು ಒಂದೇ: ಪ್ರಾಣಿಯನ್ನು ಮುಟ್ಟಬಾರದು, ನೋಡಿದ್ದನ್ನು ಬರೆದು ತರಬೇಕು.

ಸರೀಸೃಪಗಳ ಪಾಠ ನಮ್ಮಲ್ಲಿ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರುವುದೇ. ಶೀತರಕ್ತ, ಹುರುಪೆ, ಮೊಟ್ಟೆ ಎಂದು ಮೂರು ಲಕ್ಷಣ ಹಲಗೆಯ ಮೇಲೆ ಬರೆದರೆ ಮುಗಿಯಿತು. ಆದರೆ ಕೊಳಕುಮಂಡಲ ಮರಿ ಹಾಕುತ್ತದೆ. ಹೆಣ್ಣು ಕಾಳಿಂಗ ತರಗೆಲೆ ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಮಲೆನಾಡಿನ ಅಡಿಕೆ ತೋಟದ ಹಾರುವ ಓತಿ ಪಕ್ಕೆಲುಬುಗಳ ಮೇಲಿನ ಚರ್ಮ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಮರದ ಬಣ್ಣಕ್ಕೇ ಬೆರೆತು ಕುಳಿತ ಆ ಓತಿಯನ್ನು ಅರ್ಧ ಗಂಟೆ ಕಾದು ಕಂಡವರು, ಶಾಲೆಯ ಕಾಂಪೌಂಡಿನ ಓತಿಕೇತ ಬೆಳಿಗ್ಗೆ ಬಿಸಿಲಿಗೆ ಏಕೆ ಬರುತ್ತದೆ ಎಂಬ ಪ್ರಶ್ನೆಯಿಂದಲೇ ಪಾಠ ಆರಂಭಿಸಬಲ್ಲರು.

ತೇಜಸ್ವಿಯವರ ‘ಕರ್ವಾಲೊ’ದಲ್ಲಿಯೂ ಗೆಳೆಯರ ಗುಂಪು ಹುಡುಕಿ ಹೊರಟದ್ದು ಹಾರುವ ಓತಿಯನ್ನೇ. ಅಲ್ಲಿ ವಿಜ್ಞಾನಿಗೆ ದಾರಿ ತೋರುವವನು ಹಳ್ಳಿಯ ಮಂದಣ್ಣ. ಓತಿ ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ; ಹುಡುಕಾಟ ವ್ಯರ್ಥವಾಯಿತು ಎಂದು ಯಾವ ಓದುಗರಿಗೂ ಅನಿಸುವುದಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳೂ ಊರಿನವರನ್ನು ಕೇಳಿ ತಿಳಿಯಬೇಕು. 2024ರಲ್ಲಿ ಪಶ್ಚಿಮಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದಾಗ ವಿಜ್ಞಾನಿಗಳು ಅದಕ್ಕಿಟ್ಟದ್ದು ‘ಕಾಳಿಂಗ’ ಎಂಬ ಕನ್ನಡದ ಹೆಸರನ್ನೇ.

ಮುಟ್ಟಬಾರದು ಎಂಬ ಷರತ್ತಿನಲ್ಲಿ ಮಾತ್ರ ರಿಯಾಯಿತಿ ಕೂಡದು. ಹಾವನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಅದಕ್ಕಿಂತ ದೊಡ್ಡ ಕಾರಣ ಮಕ್ಕಳು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು ಅಂದಾಜು, ಹೆಚ್ಚಿನವರು ಹಳ್ಳಿಯವರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಮೇಷ್ಟ್ರ ಕೈಯಲ್ಲಿ ಹಾವಿರುವ ಫೋಟೊ ನೋಡಿದ ಏಳನೇ ತರಗತಿಯ ಹುಡುಗ ಮನೆಯ ಹಿತ್ತಲಲ್ಲಿ ಹಾವು ಕಂಡಾಗ ಏನು ಮಾಡಿಯಾನು? ಅವನಿಗೆ ನಾವು ಕಲಿಸಬೇಕಾದದ್ದು ಬೇರೆ: ದೂರ ಸರಿ, ದೊಡ್ಡವರನ್ನು ಕರೆ. ಕಚ್ಚಿದರೆ ಬಿಗಿದು ಕಟ್ಟಬಾರದು, ಕೊಯ್ಯಬಾರದು. ಕಚ್ಚಿದ ಭಾಗ ಅಲುಗದಂತೆ ಇಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಾರ್ಗದರ್ಶಕ ಅಧ್ಯಾಪಕರಲ್ಲಿ ಒಂದು ವಿನಂತಿ. ಇಂಥ ಪ್ರವಾಸಕ್ಕೆ ಹೋಗಿಬಂದವರಿಂದ ಪಾಠಯೋಜನೆಯ ಜೊತೆ ಒಂದು ಪುಟದ ಟಿಪ್ಪಣಿ ಕೇಳಿ. ಎಲ್ಲಿ, ಎಷ್ಟು ಹೊತ್ತಿಗೆ ಕಂಡಿತು, ಏನು ಮಾಡುತ್ತಿತ್ತು, ಊರಿನವರು ಅದನ್ನು ಏನೆಂದು ಕರೆದರು ಎಂಬಷ್ಟು ಸಾಕು. ಎಷ್ಟು ಹಾವು ಕಂಡಿರಿ ಎಂದು ಎಣಿಸಿ ಅಂಕ ಕೊಡಬೇಡಿ. ಇಡೀ ರಾತ್ರಿ ಹುಡುಕಿ ಒಂದೂ ಕಾಣದೆ ಬಂದವರ ಟಿಪ್ಪಣಿಯನ್ನೂ ಅಷ್ಟೇ ಆಸಕ್ತಿಯಿಂದ ಓದಿ.